ಫ್ಯೂಸಿನ ಜಾಗದಲ್ಲಿ ತಂತಿ

ಸಕಲೇಶಪುರವನ್ನು ದಾಟಿ ಮಂಗಳೂರಿನ ಕಡೆಗೆ ಹೊರಟವರಿಗೆ ಆನೇಮಹಲ್ ಬರುವ ಹೊತ್ತಿಗೆ, ಆಷಾಢದ ದಿನಗಳಲ್ಲಾದರೆ, ಹಗಲಿನಲ್ಲಿಯೂ ದೀಪ ಹೊತ್ತಿಸದೆ ಮುಂದುವರಿಯಲಾಗದಷ್ಟು ಮಂಜು ಕವಿದಿರುವುದುಂಟು. ಅಲ್ಲಿಂದ ದೋಣಿಗಾಲ್, ಮಾರನಹಳ್ಳಿಗಳನ್ನು ಹಾದು ಶಿರಾಡಿ ಘಾಟಿಯನ್ನು ಇಳಿಯಬೇಕಾದವನಿಗೆ ದೀಪ, ವೈಪರು, ಹಾರನ್ನುಗಳು ಬ್ರೇಕಿನಷ್ಟೇ ಅವಶ್ಯಕ. ಇವುಗಳಲ್ಲಿ ಯಾವುದು ನಿಂತರೂ ನಮ್ಮ ಜನ ಮೊದಲು ಶಂಕಿಸುವುದು ಬ್ಯಾಟರಿಯನ್ನು, ಬಳಿಕ ಮೋಟಾರನ್ನು, ಕಟ್ಟಕಡೆಗೆ ಕಾರು ಮಾರಿದವನನ್ನು. ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಹಿಂದಿರುವ, ಹತ್ತಾರು ರೂಪಾಯಿ ಬೆಲೆಯ ಫ್ಯೂಸನ್ನು ಒಮ್ಮೆ ನೋಡೋಣವೆಂಬ ಯೋಚನೆ ಬರುವುದೇ ಅಪೂರ್ವ.

ನೋಡುವುದು ಕಷ್ಟದ ಕೆಲಸವೇನಲ್ಲ. ಬಹುತೇಕ ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆಗಳು ಎರಡು: ಒಂದು ಒಳಗೆ, ಇನ್ನೊಂದು ಬಾನೆಟ್ಟಿನಡಿ ಬ್ಯಾಟರಿಯ ಸಮೀಪದಲ್ಲಿ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಮುಚ್ಚಳದ ಒಳಮೈಯ ನಕ್ಷೆಯಲ್ಲಿ ಬೇಕಾದ ಸಾಲನ್ನು ಗುರುತಿಸಿ, ಪೆಟ್ಟಿಗೆಯಲ್ಲಿಯೇ ಸಿಕ್ಕಿಸಿಟ್ಟಿರುವ ಪುಟ್ಟ ಪ್ಲಾಸ್ಟಿಕ್ ಚಿಮಟದಿಂದ ಫ್ಯೂಸನ್ನು ನೇರವಾಗಿ ಎಳೆದು ಬೆಳಕಿಗೆ ಹಿಡಿದರೆ, ಎರಡು ಕಾಲುಗಳ ನಡುವಣ ಬಾಗಿದ ಲೋಹದ ಎಳೆ ಅಖಂಡವಾಗಿದೆಯೋ ತುಂಡಾಗಿದೆಯೋ ಬರಿಗಣ್ಣಿಗೆ ಕಾಣುತ್ತದೆ. ಕರಗಿದ ಎಳೆಯ ಸುತ್ತ ಪ್ಲಾಸ್ಟಿಕ್ಕು ಹೊಗೆ ಹಿಡಿದಂತೆ ಕಪ್ಪಾಗಿರುವುದೂ ಉಂಟು. ಹೊಸದು ಹಳೆಯದರ ಆಂಪಿಯರಿನದೇ ಆಗಿರತಕ್ಕದ್ದು. ಓದಲು ಬಾರದವನಿಗೂ ತಪ್ಪಬಾರದೆಂದು ಬಣ್ಣಗಳನ್ನೇ ಗೊತ್ತುಮಾಡಿದ್ದಾರೆ. 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಏರ್‌ಬ್ಯಾಗಿನ ಫ್ಯೂಸನ್ನು ಮಾತ್ರ ಗ್ಯಾರೇಜಿನವರಿಗೆ ಬಿಡುವುದು ಲೇಸು.

ಆದರೆ ಫ್ಯೂಸು ನಿಷ್ಕಾರಣವಾಗಿ ಹೋಗುವುದು ಕಡಮೆ, ಮತ್ತು ಈ ಸೀಮೆಯಲ್ಲಿ ಅದು ಹೋಗುವ ಕಾರಣಗಳೂ ಈ ಸೀಮೆಯವೇ. ಕಾಫಿತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕಿನ ತರಗೆಲೆಗಳು, ಮರದಡಿ ನಿಲ್ಲಿಸಿದ ಕಾರಿನ ಮುಂಗಾಜಿನ ಬುಡದ ಸಂದಿಯಲ್ಲಿ ತೊಯ್ದು ಮುದ್ದೆಗಟ್ಟಿ ವೈಪರಿನ ಕೀಲುಗಳನ್ನು ಹಿಡಿದವೆಂದರೆ, ತಿರುಗಲಾರದೆ ನಿಂತ ಮೋಟಾರು ತಿರುಗುವಾಗ ಎಳೆಯುವುದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯತೊಡಗುತ್ತದೆ. ಆಗ ಅದರ ಸುರುಳಿ ಸುಡುವ ಮೊದಲು ಫ್ಯೂಸು ತಾನು ಸುಟ್ಟು ಅದನ್ನು ಉಳಿಸುತ್ತದೆ. ಎಲೆ ತೆಗೆಯದೆ ಹೊಸ ಫ್ಯೂಸು ಹಾಕಿದವನಿಗೆ ಅದೂ ದಕ್ಕುವುದಿಲ್ಲ. ಬೆಚ್ಚನೆಯ ಜಾಗವನ್ನರಸಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರಿನ ಹೊದಿಕೆಯನ್ನು ಕಡಿದು, ಬೆತ್ತಲೆಯಾದ ತಾಮ್ರ ಬಾಡಿಗೆ ತಾಗಿ ಶಾರ್ಟ್ ಆಗುವುದಂತೂ ತೋಟದ ಮನೆಗಳಲ್ಲಿ ಹಳೆಯ ದೂರು.

ನನ್ನ ಆಕ್ಷೇಪ ಇರುವುದು ಇದರ ಮುಂದಿನ ಹೆಜ್ಜೆಗೆ. ಗಾಳಿಮಳೆಗೆ ಮತ್ತೆ ಮತ್ತೆ ಹೋಗುವ ಮನೆಯ ಫ್ಯೂಸಿನ ಕಾಟ ತಾಳಲಾರದೆ ಮೀಟರ್ ಬೋರ್ಡಿನಲ್ಲಿ ದಪ್ಪ ತಾಮ್ರದ ತಂತಿ ಸುತ್ತಿ ನೆಮ್ಮದಿಯಾಗಿ ಮಲಗುವ ಅಭ್ಯಾಸವನ್ನು ನಾವು ಕಾರಿಗೂ ತಂದಿದ್ದೇವೆ. ಮಂಜಿನಲ್ಲಿ ದಾರಿ ಕಾಣದೆಂದು ಹೆಡ್‌ಲೈಟಿನ 60 ವಾಟಿನ ಬಲ್ಬುಗಳನ್ನು ಕಿತ್ತು 100 ವಾಟಿನವನ್ನು ಕೂರಿಸುತ್ತೇವೆ. ಮಂಜಿಗೆ ಬಿದ್ದ ಪ್ರಖರವಾದ ಬೆಳಕು ನಮ್ಮ ಕಣ್ಣಿಗೇ ಮರಳಿ ಹೊಡೆಯುವುದೆಂಬುದು ಬೇರೆ ಮಾತು. ಜೋಡಿ ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತಿದ್ದಲ್ಲಿ ಈಗ 16ಕ್ಕೂ ಮಿಗಿಲಾಗುತ್ತದೆ. 15ರ ಫ್ಯೂಸು ತಾಳದೆ ಹೋಗುತ್ತದೆ. ಅಲ್ಲಿ 30ರದನ್ನು ಸಿಕ್ಕಿಸುತ್ತೇವೆ, ಅದೂ ಸಿಗದಿದ್ದರೆ ಸಿಗರೇಟು ಪ್ಯಾಕಿನ ಬೇಗಡೆ ಅಥವಾ ತಾಮ್ರದ ಎಳೆ. ದೀಪ ಹೊತ್ತುತ್ತದೆ, ಎಲ್ಲರಿಗೂ ಸಂತೋಷ. ಆದರೆ ವೈರಿನಲ್ಲಿ ಹುಟ್ಟುವ ಶಾಖ, ಪ್ರವಾಹ ಇಮ್ಮಡಿಯಾದಾಗ ನಾಲ್ಮಡಿಯಾಗುವುದರಿಂದ, 15 ಆಂಪಿಯರಿಗೆಂದು ಅಳೆದು ಹಾಕಿದ ಆ ವೈರು, ಎಲ್ಲಿಯಾದರೂ ಶಾರ್ಟ್ ಆದ ದಿನ, ತಾನೇ ಫ್ಯೂಸಾಗಿ ಸೀಟಿನ ಕೆಳಗೋ ಎಂಜಿನ್ನಿನ ಪಕ್ಕದಲ್ಲೋ ಕರಗತೊಡಗುತ್ತದೆ. ಅಲ್ಲಿ ರಬ್ಬರು, ಎಣ್ಣೆ, ಪೆಟ್ರೋಲು ಎಲ್ಲವೂ ಹತ್ತಿರದಲ್ಲಿಯೇ ಇರುತ್ತವೆ.

ಸುರಿಯುವ ಮಳೆಯಲ್ಲಿ, ಹಿಂದೆ ಟ್ಯಾಂಕರುಗಳು ಹಾರನ್ ಹೊಡೆಯುತ್ತಿರುವಾಗ, ತಂತಿ ಸುತ್ತದೆ ಇನ್ನೇನು ಮಾಡುವುದೆಂದು ಕೇಳುವವರಿದ್ದಾರೆ. ರೇಡಿಯೋದ್ದೋ ಸಿಗರೇಟ್ ಲೈಟರಿನದ್ದೋ ಫ್ಯೂಸು ಅದೇ ಆಂಪಿಯರಿನದಾಗಿದ್ದರೆ ಅದನ್ನು ತೆಗೆದು ವೈಪರಿಗೆ ಹಾಕಿಕೊಳ್ಳಬಹುದು. ಹಾಡಿಲ್ಲದೆ ಘಾಟಿ ಇಳಿಯಬಹುದು. ಅದೂ ಕೂಡಲೇ ಸುಟ್ಟರೆ ದೋಷ ವೈರಿಂಗಿನಲ್ಲಿದೆಯೆಂದು ತಿಳಿದು, ಗಾಡಿಯನ್ನು ಬದಿಗೆ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ನನನ್ನು ಕರೆಸದೆ ಗತ್ಯಂತರವಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಶಾಲೆಗಳಿಗೆ ವಿಧಿಸಿರುವ ಪಠ್ಯಕ್ರಮದಲ್ಲಿ ವಾಹನದ ರಚನೆ ಮತ್ತು ದುರಸ್ತಿಯ ಪಾಠವೂ ಸೇರಿದೆ. ಆದರೆ ಲೈಸೆನ್ಸು ಪಡೆದು ಹೊರಬರುವವರಲ್ಲಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದವರು ಎಷ್ಟು ಮಂದಿ? ಕಾರು ಕಂಪನಿಗಳಾದರೋ ಆ ಮುಚ್ಚಳದ ನಕ್ಷೆಯನ್ನು ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳಲ್ಲಿ ಅಚ್ಚುಹಾಕಿ ಕೈತೊಳೆದುಕೊಂಡಿವೆ. ಕನ್ನಡದಲ್ಲಿ ಒಂದು ಹಾಳೆ ಮುದ್ರಿಸಿ ಕಾರಿನೊಡನೆ ಕೊಡುವುದು ಅವುಗಳಿಗೆ ಭಾರವಾಗದು. ಮಾರಾಟದ ಮಳಿಗೆಗಳು ಅದನ್ನು ಕೇಳಿ ತರಿಸಲಿ, ಚಾಲನಾ ಶಾಲೆಗಳು ಒಂದು ಗಂಟೆಯನ್ನಾದರೂ ಈ ಪೆಟ್ಟಿಗೆಯ ಮುಂದೆ ಕಳೆಯಲಿ. ಓದುಗರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ: ಮುಂಗಾರು ಹಿಡಿಯುವ ಮೊದಲು ತಮ್ಮ ಕಾರಿಗೆ ಬೇಕಾದ ಆಂಪಿಯರುಗಳ ಫ್ಯೂಸುಗಳನ್ನು ಎರಡೆರಡರಂತೆ ಕೊಂಡು ಗ್ಲೋವ್ ಬಾಕ್ಸಿನಲ್ಲಿಡಿ, ಹಿಂದಿನ ಮಾಲೀಕನೇನಾದರೂ ಅಲ್ಲಿ ತಂತಿ ಸುತ್ತಿದ್ದರೆ ಇಂದೇ ಕಿತ್ತುಹಾಕಿ.