ನೆನಪಿನ ಮಾತ್ರೆ ಕೊಳ್ಳುವ ಮುನ್ನ



ಜನವರಿ ಕಳೆಯಿತೆಂದರೆ ನಮ್ಮ ಶಾಲೆಯ ಗೇಟಿನ ಬಳಿ ಒಂದೇ ಪ್ರಶ್ನೆ. "ಟೀಚರ್, ಹುಡುಗ ಓದಿದ್ದೆಲ್ಲ ಮರೆತುಬಿಡುತ್ತಾನೆ, ಬುದ್ಧಿಗೆ ಯಾವ ಟಾನಿಕ್ ಒಳ್ಳೆಯದು?" ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರಷ್ಟೇ ಅಲ್ಲ, ಹಿಫ್ಝ್ ಮಾಡುವ ಮಕ್ಕಳ ತಾಯಂದಿರೂ ಇದನ್ನೇ ಕೇಳುತ್ತಾರೆ. ನಾನು ಮದ್ರಸದಲ್ಲಿ ಓದುವಾಗ ಅಮ್ಮಿ ರಾತ್ರಿ ಏಳು ಬಾದಾಮಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು ಕೈಗಿಡುತ್ತಿದ್ದರು. ಈಗ ಆ ಬಾದಾಮಿಯ ಜಾಗಕ್ಕೆ ಬಣ್ಣದ ಶೀಶೆ ಬಂದಿದೆ. ವಿಜಯನಗರದಿಂದ ಬಸವೇಶ್ವರನಗರದವರೆಗೆ ಯಾವ ಮೆಡಿಕಲ್ ಸ್ಟೋರಿಗೆ ಹೋದರೂ ಗಾಜಿನ ಹಿಂದೆ ಅಂಥ ಡಬ್ಬಿಗಳ ಸಾಲು ಕಾಣುತ್ತದೆ.

ನಾನು ವೈದ್ಯೆಯಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಪಾಠ ಆಗಿದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಅದೇ ಅಮ್ಮಿಗೆ ಈಗ ಎಪ್ಪತ್ತು ದಾಟಿದೆ. ಹತ್ತು ವರ್ಷಕ್ಕೂ ಮೇಲ್ಪಟ್ಟು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ, ಹೃದಯಕ್ಕೆಂದು ದಿನಕ್ಕೊಂದು ಸಣ್ಣ ಆಸ್ಪಿರಿನ್. ಎರಡು ವರ್ಷದ ಹಿಂದೆ ಅವರ ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಅಸರ್ ನಮಾಝ್ ಆಯಿತೋ ಇಲ್ಲವೋ ಎಂದು ಮೂರು ಸಲ ಕೇಳುವುದು. ಪಾದ ಜುಮುಗುಡುತ್ತದೆ ಎಂದೂ ಹೇಳುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆವು. ಗಲ್ಫಿನಲ್ಲಿರುವ ತಮ್ಮ ಪ್ರೀತಿಯಿಂದ ಗಿಂಕೋ ಎಂಬ ಎಲೆಯ ಸಾರದ ಕ್ಯಾಪ್ಸೂಲ್ ಡಬ್ಬಿ ಕಳಿಸಿದ. 'ಗಿಡಮೂಲಿಕೆ ತಾನೇ, ಏನಾಗುತ್ತದೆ' ಎಂದು ನಾನೇ ನನ್ನ ಕೈಯಾರೆ ಕೊಟ್ಟೆ. ವೈದ್ಯರಿಗೆ ಹೇಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅಮ್ಮಿಯ ಮುಂಗೈ ಮೇಲೆ ನೀಲಿ ಕಲೆಗಳು ಎದ್ದವು. ಒಂದು ಬೆಳಿಗ್ಗೆ ವುಝೂ ಮಾಡುವಾಗ ಮೂಗಿನಿಂದ ಬಂದ ರಕ್ತ ಅರ್ಧ ಗಂಟೆಯಾದರೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು, "ಇನ್ನೇನು ಕೊಡುತ್ತಿದ್ದೀರಿ?" ನಾನು ಡಬ್ಬಿ ತೋರಿಸಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಗಳ ಜೊತೆ ಗಿಂಕೋ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದೆಂದು ಆಗ ತಿಳಿಯಿತು. ಅದನ್ನು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದಾಗ ಇನ್ನೊಂದು ವಿಷಯ ಹೊರಬಂತು. ಅಮ್ಮಿಯ ವಿಟಮಿನ್ ಬಿ12 ತೀರಾ ಕಡಿಮೆಯಿತ್ತು.

ನನಗೆ ನಂಬಿಕೆಯೇ ಬರಲಿಲ್ಲ. ಬಿ12 ಇರುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ. ನಾವು ಮಾಂಸ ತಿನ್ನುವ ಮನೆಯವರು, ನಮಗೆಲ್ಲಿಯ ಕೊರತೆ? ಆದರೆ ತಿಂದದ್ದು ರಕ್ತಕ್ಕೆ ಸೇರಬೇಕಲ್ಲ! ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗಬಹುದು. ಎದೆಯುರಿ, ಗ್ಯಾಸ್ಟ್ರಿಕ್ ಎಂದು ದಿನವೂ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳೂ ಹೀಗೆಯೇ. ಬಿ12 ಕೊರತೆಯಾದರೆ ಮರೆವು, ಸುಸ್ತು, ಕೈಕಾಲು ಜುಮುಗುಡುವುದು, ನಡಿಗೆ ತಪ್ಪುವುದು ಎಲ್ಲವೂ ಬರುತ್ತದೆ. ತಡಮಾಡಿದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ಅಂದರೆ, ಅಮ್ಮಿಯ ಮೆದುಳಿಗೆ ಬೇಕಾಗಿದ್ದ ಒಂದು ವಿಟಮಿನ್ ಬಿಟ್ಟು, ಬೇಡದ ಒಂದು ಎಲೆಯ ಸಾರವನ್ನು ನಾನು ಕೊಡುತ್ತಿದ್ದೆ. ಇದನ್ನು ನೆನೆದಾಗ ಈಗಲೂ ಎದೆ ಚುರ್ ಎನ್ನುತ್ತದೆ.

ಆ ಗಿಂಕೋ ಮರೆವಿನ ರೋಗವನ್ನಾದರೂ ತಡೆಯುತ್ತದೆಯೇ? ಅಮೆರಿಕದಲ್ಲಿ 75 ವರ್ಷ ಮೀರಿದ ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು ಆರು ವರ್ಷ ಪರೀಕ್ಷಿಸಿ ನೋಡಿದರು. ಅರ್ಧ ಜನರಿಗೆ ಗಿಂಕೋ, ಇನ್ನರ್ಧ ಜನರಿಗೆ ಸತ್ವವಿಲ್ಲದ ಮಾತ್ರೆ. 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಶಿಯಾ ಬರುವುದನ್ನು ಗಿಂಕೋ ತಡೆಯಲಿಲ್ಲ.

ಹಾಗಾದರೆ ನಮ್ಮ ಬ್ರಾಹ್ಮಿ? ಇಲ್ಲೊಂದು ಗೊಂದಲವಿದೆ. ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಿ ಮಾರುವ, ದುಂಡನೆಯ ಎಲೆಯ ಒಂದೆಲಗವನ್ನು ನಾವು ಬ್ರಾಹ್ಮಿ ಎನ್ನುತ್ತೇವೆ. ಔಷಧ ಕಂಪೆನಿಗಳ ಶೀಶೆಯಲ್ಲಿರುವ ಬ್ರಾಹ್ಮಿ ಸಾಮಾನ್ಯವಾಗಿ ನೀರುಬ್ರಾಹ್ಮಿ. ಅದು ದಪ್ಪ ಪುಟ್ಟ ಎಲೆಯ ಬೇರೆಯೇ ಗಿಡ. ನೀರುಬ್ರಾಹ್ಮಿಯ ಸಾರವನ್ನು ಹನ್ನೆರಡು ವಾರ ತೆಗೆದುಕೊಂಡವರ ನೆನಪಿನಲ್ಲಿ ಸ್ವಲ್ಪ ಸುಧಾರಣೆ ಕಂಡ ಸಣ್ಣ ಅಧ್ಯಯನಗಳಿವೆ. ಅವು ಹೆಚ್ಚಾಗಿ ದೊಡ್ಡವರ ಮೇಲೆ ನಡೆದವು. ಹೊಟ್ಟೆ ನುಲಿತ, ವಾಕರಿಕೆ, ಭೇದಿ ಕೆಲವರಿಗೆ ಆಗುತ್ತದೆ. ಹಾಗಾಗಿ ಪರೀಕ್ಷೆಗೆ ಹದಿನೈದು ದಿನ ಇರುವಾಗ ಶೀಶೆ ತಂದು ಕುಡಿಸಿದರೆ ಅಂಕದ ಬದಲು ಹೊಟ್ಟೆನೋವು ಬಂದೀತು! ಒಂದೆಲಗದ ಚಟ್ನಿಯನ್ನು ಊಟದ ಜೊತೆ ತಿನ್ನಿ, ನಾನೂ ತಿನ್ನುತ್ತೇನೆ. ಆದರೆ ಅದರ ಸಾರವನ್ನು ಕ್ಯಾಪ್ಸೂಲಾಗಿ ತಿಂಗಳುಗಟ್ಟಲೆ ನುಂಗುವುದು ಚಟ್ನಿ ತಿಂದಂತಲ್ಲ. ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಈಗ ಎಲ್ಲ ಡಬ್ಬಿಗಳಲ್ಲೂ ಬೆರೆಸುವ ಅಶ್ವಗಂಧಕ್ಕೂ ಈ ಮಾತು ಅನ್ವಯಿಸುತ್ತದೆ. ಥೈರಾಯಿಡ್ ತೊಂದರೆ ಇರುವವರು ಮತ್ತು ಬಸುರಿಯರು ಅದನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಗ್ರಂಥಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಕಟ್ಟಿಕೊಡುವ ಪುಡಿ, ಯಾರೋ ಹಕೀಮರು ಕೊಟ್ಟರೆಂದು ತರುವ ಹೆಸರಿಲ್ಲದ ಗುಳಿಗೆಗಳ ಬಗ್ಗೆ ಇನ್ನೂ ಎಚ್ಚರ ಬೇಕು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ನಮ್ಮ ಕಡೆಯ 70 ಆಯುರ್ವೇದ ಔಷಧಿಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಬೆಳೆಯುವ ಮಗುವಿನ ಮೆದುಳಿಗೇ ವಿಷ. ಬುದ್ಧಿ ಬರಲೆಂದು ಕೊಟ್ಟು ಬುದ್ಧಿಗೇ ಕುತ್ತು ತಂದಂತಾದೀತು.

ಕೊಳ್ಳಲೇಬೇಕಾದರೆ ಡಬ್ಬಿಯನ್ನು ತಿರುಗಿಸಿ ಹಿಂಭಾಗ ಓದಿ. ಹೆಲ್ತ್ ಸಪ್ಲಿಮೆಂಟ್ ಎಂದು ಮಾರುವ ವಸ್ತುವಿನ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಅದು ಔಷಧವಲ್ಲ ಎಂಬ ಮಾತೂ, ದಿನಕ್ಕೆಷ್ಟು ಎಂಬ ಮಿತಿಯೂ ಇರಬೇಕು. ಔಷಧವಲ್ಲ ಎಂದು ತಾನೇ ಬರೆದುಕೊಂಡದ್ದು ರೋಗ ವಾಸಿ ಮಾಡುತ್ತೇನೆಂದು ಹೇಗೆ ಹೇಳೀತು? ಮೆದುಳಿನ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಆಟೋಗಳ ಹಿಂದೆ ಅಂಥವು ಕಾಣುತ್ತಲೇ ಇರುತ್ತವೆ. ಎರಡು ಡಬ್ಬಿ ಒಟ್ಟಿಗೆ ಕೊಡುವಾಗ ಒಂದೇ ವಿಟಮಿನ್ ಎರಡರಲ್ಲೂ ಇದೆಯೇ ನೋಡಿ. ಬಿ6 ವಿಟಮಿನ್ ಅತಿಯಾದರೆ ನರಗಳಿಗೇ ಹಾನಿ. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಯಾದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಹಲಾಲ್ ವಿಷಯವನ್ನೂ ಹಲವರು ಕೇಳುತ್ತೀರಿ. ಕ್ಯಾಪ್ಸೂಲಿನ ಮೆತ್ತನೆಯ ಹೊದಿಕೆ ಹೆಚ್ಚಾಗಿ ಜೆಲಾಟಿನ್. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುತ್ತದೆ. ಕಂದು ಗುರುತು ಮಾಂಸಾಹಾರ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿಯದೆಂದು ಹೇಳುವುದಿಲ್ಲ. ಹಸಿರು ಗುರುತಿನ, ಸಸ್ಯಜನ್ಯ ಹೊದಿಕೆಯವು ಸಿಗುತ್ತವೆ, ಕೇಳಿ ಪಡೆಯಿರಿ. ಸಾರಸ್ವತಾರಿಷ್ಟದಂಥ ಅರಿಷ್ಟ, ಆಸವಗಳಲ್ಲಿ ಹುದುಗುವಾಗ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತದೆ, ಲೇಬಲ್ಲಿನಲ್ಲಿ ಅದರ ಪ್ರಮಾಣ ಬರೆದಿರುತ್ತದೆ. ಕೊಳ್ಳುವ ಮೊದಲು ಓದಿ, ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ. ಚೂರ್ಣ, ಮಾತ್ರೆಗಳ ರೂಪದಲ್ಲೂ ಔಷಧ ಇದೆ.

ಇನ್ನು ಮಕ್ಕಳು. ನನ್ನ ಇಪ್ಪತ್ತು ವರ್ಷದ ತರಗತಿಯ ಅನುಭವದಲ್ಲಿ 'ಮಂದ' ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಹೆಣ್ಣುಮಕ್ಕಳಲ್ಲಿ ಅನೇಕರು ಬೆಳಿಗ್ಗೆ ಬರೀ ಚಹಾ ಕುಡಿದು ಬಂದವರು, ಬಿಳಿಚಿದ ಕಣ್ಣಿನವರು. ಕಬ್ಬಿಣದ ಅಂಶ ಕಡಿಮೆಯಾದರೆ ಗಮನ ನಿಲ್ಲುವುದಿಲ್ಲ. ಸರಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಅದಕ್ಕಾಗಿಯೇ. ಅದನ್ನು ಚರಂಡಿಗೆ ಎಸೆದು, ಸಂಜೆ ಸಾವಿರ ರೂಪಾಯಿಯ ಟಾನಿಕ್ ಕೊಳ್ಳುವವರನ್ನು ಕಂಡಿದ್ದೇನೆ. ಊಟವಾದ ಮೇಲೆ ನುಂಗಿಸಿ, ಜೊತೆಗೆ ಚಹಾ ಬೇಡ. ಕಣ್ಣು ಪರೀಕ್ಷೆ ಮಾಡಿಸಿ. ರಾತ್ರಿ ಮೊಬೈಲ್ ತೆಗೆದಿಟ್ಟು ಮಲಗಿಸಿ. ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ.

ಹಿರಿಯರಿಗೆ ಮರೆವು ಬಂದರೆ ಶೀಶೆಗೆ ಮೊದಲು ಪರೀಕ್ಷೆ ಮಾಡಿಸಿ. ಬಿ12, ಥೈರಾಯಿಡ್, ಸಕ್ಕರೆ, ಕಿವಿ, ಜೊತೆಗೆ ಮನಸ್ಸಿನ ಬೇಸರ. ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. 2022ರಲ್ಲಿ ಸರಕಾರ ಅದರೊಂದಿಗೆ ಸೇರಿ ಮೆದುಳಿನ ಆರೋಗ್ಯದ ಯೋಜನೆಯನ್ನೂ ಆರಂಭಿಸಿತು. ಹೋಗುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆ, ಪುಡಿ, ಟಾನಿಕ್, ಕರಿಜೀರಿಗೆ ಎಣ್ಣೆಯನ್ನೂ ಬಿಡದೆ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಬಾಯಿಮಾತಿನಲ್ಲಿ ಹೇಳಹೊರಟರೆ ಒಂದೆರಡು ಮರೆತೇ ಹೋಗುತ್ತವೆ.

ಅಮ್ಮಿಗೆ ಮೊದಲು ಚುಚ್ಚುಮದ್ದು, ಆಮೇಲೆ ಬಿ12 ಮಾತ್ರೆ ಕೊಟ್ಟರು. ಕಾಲಿನ ಜುಮು ಪೂರ್ತಿ ಹೋಗಿಲ್ಲ. ಅಸರ್ ಲೆಕ್ಕ ಮಾತ್ರ ಈಗ ತಪ್ಪುವುದಿಲ್ಲ, ಮೊನ್ನೆ ನನಗೇ ಜ್ಞಾಪಿಸಿದರು. ತಮ್ಮ ಫೋನು ಮಾಡಿದಾಗ, "ಅಮ್ಮಿಗೆ ಮುಂದಿನ ಸಲ ಏನು ತರಲಿ?" ಎಂದ. ಅಮ್ಮಿ ಫೋನು ಕಿತ್ತುಕೊಂಡು, "ಡಬ್ಬಿ ಬೇಡ, ನೀನೇ ಬಾ" ಎಂದರು.