ಚೀಟಿ ದುಡ್ಡು ಮತ್ತು ಗೇಮಿಂಗ್ ಲ್ಯಾಪ್‌ಟಾಪ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಬಸ್ ಕಂಡಕ್ಟರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗನಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಅಪ್ಪನ ಮುಖದಲ್ಲಿ ಸಂತೋಷವೂ ಇತ್ತು, ಚಿಂತೆಯೂ ಇತ್ತು.

‘ಚೀಟಿ ಎತ್ತಿದೀನಿ ಸಾರ್. ಫೀಸು, ಹಾಸ್ಟೆಲ್ ಕಳೆದು ತೊಂಬತ್ತು ಸಾವಿರ ಉಳಿದಿದೆ. ಇವನು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತಾನೆ. ಅದಿಲ್ಲದೆ ಇಂಜಿನಿಯರಿಂಗ್ ಓದೋಕಾಗಲ್ವಂತೆ. ನಿಜವಾ?’

ಹುಡುಗ ನೆಲ ನೋಡುತ್ತಿದ್ದ.

ಈ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿದೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಗೇಮಿಂಗ್ ಲ್ಯಾಪ್‌ಟಾಪಿಗೆ ನಾವು ಕೊಡುವ ಹೆಚ್ಚುವರಿ ಹಣದಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಚಿಪ್ಪಿಗೆ ಹೋಗುತ್ತದೆ. ಆಟದ ಚಿತ್ರವನ್ನು ಸೆಕೆಂಡಿಗೆ 60 ಬಾರಿಯೋ ಅದಕ್ಕಿಂತ ಹೆಚ್ಚೋ ಹೊಸದಾಗಿ ಮೂಡಿಸುವುದು ಅದರ ಕೆಲಸ. ಕೆಲಸ ಹೆಚ್ಚಾದಂತೆ ಬಿಸಿಯೂ ಹೆಚ್ಚು. ಆ ಬಿಸಿಯನ್ನು ಹೊರಹಾಕಲು ದೊಡ್ಡ ಫ್ಯಾನುಗಳು, ತಾಮ್ರದ ಕೊಳವೆಗಳು ಬೇಕು. ಹಾಗಾಗಿ ಇಂಥ ಬಹುತೇಕ ಲ್ಯಾಪ್‌ಟಾಪುಗಳ ತೂಕ ಎರಡು ಕಿಲೋ ದಾಟುತ್ತದೆ. ಮಾಮೂಲಿ ಲ್ಯಾಪ್‌ಟಾಪಿಗೆ 65 ವ್ಯಾಟ್ ಚಾರ್ಜರ್ ಸಾಕಾದರೆ, ಇದರದ್ದು ಅನೇಕ ಬಾರಿ 180ರಿಂದ 240 ವ್ಯಾಟ್, ಇಟ್ಟಿಗೆಯಷ್ಟು ದಪ್ಪ. ಪ್ಲಗ್ ತೆಗೆದರೆ ಆಟದ ವೇಗ ಕುಗ್ಗುತ್ತದೆ, ಬ್ಯಾಟರಿಯೂ ಬೇಗ ಖಾಲಿ.

ಸಿ, ಜಾವಾ, ಪೈಥಾನ್ ಪ್ರೋಗ್ರಾಂ ಕಲಿಯಲು ಈ ಚಿಪ್ಪು ಬೇಕಿಲ್ಲ. ಒಳ್ಳೆಯ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಕ್ಲಾಸಿನಲ್ಲಿ ಪ್ಲಗ್ ಹುಡುಕದೆ ಕೂರುವಷ್ಟು ಬ್ಯಾಟರಿ, ಇಷ್ಟಿದ್ದರೆ ಸಾಕು.

ಆಗ ಹುಡುಗ ಬಾಯಿ ಬಿಟ್ಟ. ‘ಮುಂದೆ ಎಐ ಬರುತ್ತಲ್ಲ ಅಂಕಲ್. ಅದಕ್ಕೆ ಬೇಕಾಗುತ್ತೆ. ಆಮೇಲೆ ಹಾಕಿಸೋಕೂ ಆಗಲ್ಲ.’

ಅವನ ಮಾತಿನಲ್ಲಿ ಹುರುಳಿದೆ. ರ‍್ಯಾಮನ್ನು ಕೆಲವು ಲ್ಯಾಪ್‌ಟಾಪುಗಳಲ್ಲಿ ಆಮೇಲೆ ಹೆಚ್ಚಿಸಬಹುದು. ಗ್ರಾಫಿಕ್ಸ್ ಚಿಪ್ಪನ್ನು ಬಹುತೇಕ ಯಾವುದರಲ್ಲೂ ಬದಲಿಸಲಾಗದು. ಆದರೆ ಎಐ ಪಾಠ ಕಲಿಯುವವರಿಗೆ ಗೂಗಲ್ ಕೊಲ್ಯಾಬ್‌ನಂಥ ಕಡೆ ಒಂದು ಮಿತಿಯೊಳಗೆ ಉಚಿತವಾಗಿಯೇ ಇಂಥ ಚಿಪ್ಪಿನ ಬಳಕೆ ಸಿಗುತ್ತದೆ. ದೊಡ್ಡ ಎಐ ಮಾದರಿಗಳಿಗಾದರೋ ಅಗ್ಗದ ಗೇಮಿಂಗ್ ಲ್ಯಾಪ್‌ಟಾಪಿನ 6 ಜಿಬಿ ಗ್ರಾಫಿಕ್ಸ್ ಮೆಮೊರಿ ಸಾಲುವುದೂ ಇಲ್ಲ.

ಹಾಗಾದರೆ ಇದು ಯಾರಿಗೆ ಬೇಕು? ಅನಿಮೇಷನ್, ವಿಡಿಯೊ ಎಡಿಟಿಂಗ್, ಆರ್ಕಿಟೆಕ್ಚರ್ ಓದುವವರು. ದೊಡ್ಡ ಯಂತ್ರಗಳ ತ್ರೀಡಿ ವಿನ್ಯಾಸ ಮಾಡುವ ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಇವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಇದೇ ದರದ ತೆಳ್ಳನೆಯ, ಅಂದದ ಲ್ಯಾಪ್‌ಟಾಪಿಗಿಂತ ಗೇಮಿಂಗ್ ಲ್ಯಾಪ್‌ಟಾಪೇ ಇವರಿಗೆ ಹೆಚ್ಚು ಉಪಯೋಗ.

ಕೊಳ್ಳಲೇಬೇಕೆಂದರೆ ಮೂರು ಕೆಲಸ ಮಾಡಿ. ಮೊದಲನೆಯದು, ಯಾವ ಸೆಮಿಸ್ಟರಿನಲ್ಲಿ ಯಾವ ಸಾಫ್ಟ್‌ವೇರ್ ಬೇಕು ಎಂದು ಆ ಕಾಲೇಜಿನ ಸೀನಿಯರ್‌ಗಳನ್ನು ಕೇಳಿ. ಎರಡನೆಯದು, ಅಂಗಡಿಯಲ್ಲಿ ಚಿಪ್ಪಿನ ಹೆಸರಿನ ಜೊತೆಗೆ ಅದರ ವ್ಯಾಟ್ ಎಷ್ಟೆಂದೂ ಕೇಳಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಚಿಪ್ಪು, ಲ್ಯಾಪ್‌ಟಾಪ್ ಯಾವುದು ಎಂಬುದರ ಮೇಲೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಬರುತ್ತದೆ. ಹೆಸರು ಒಂದೇ ಆದರೂ ವೇಗ ಒಂದೇ ಅಲ್ಲ. ಮೂರನೆಯದು, ಲ್ಯಾಪ್‌ಟಾಪನ್ನೂ ಚಾರ್ಜರನ್ನೂ ಒಂದು ಚೀಲಕ್ಕೆ ಹಾಕಿ ಹುಡುಗನ ಹೆಗಲಿಗೇರಿಸಿ. ದಿನಾ ಹೊರಬೇಕಾದವನು ಅವನು.

ಎಲ್ಲ ಕೇಳಿದ ಮೇಲೆ ನಾನು ಹುಡುಗನನ್ನು ಕೇಳಿದೆ: ‘ನಿಜ ಹೇಳಪ್ಪಾ, ಓದೋಕಾ, ಆಡೋಕಾ?’

ಸ್ವಲ್ಪ ಹೊತ್ತು ಬಿಟ್ಟು, ‘ಎರಡಕ್ಕೂ’ ಅಂದ.

ಕಂಡಕ್ಟರಿಗೆ ಸಿಟ್ಟು ಬರಬಹುದೆಂದುಕೊಂಡೆ. ಬರಲಿಲ್ಲ. ‘ಆಟಕ್ಕೂ ಬೇಕು ಅಂತ ಮೊದಲೇ ಹೇಳಬಾರದಿತ್ತೇನೋ’ ಅಂದರು, ಅಷ್ಟೆ.

ಆಟ ಆಡುವುದು ತಪ್ಪಲ್ಲ. ಕೈಯಲ್ಲಿ ದುಡ್ಡಿದ್ದವರು ಅದಕ್ಕೂ ಖರ್ಚು ಮಾಡಲಿ. ಆದರೆ ಚೀಟಿಯ ಕಂತು ಇನ್ನೂ ಹನ್ನೊಂದು ತಿಂಗಳು ಕಟ್ಟಬೇಕಿರುವ ಮನೆಯಲ್ಲಿ, ಆ ಖರ್ಚು ಯಾವುದಕ್ಕೆ ಎಂಬುದು ಅಪ್ಪನಿಗೆ ಗೊತ್ತಿರಬೇಕು.

ಕೊನೆಗೆ ಐವತ್ತು ಸಾವಿರದ ಒಳಗಿನ ಒಂದು ಸಾಧಾರಣ ಲ್ಯಾಪ್‌ಟಾಪ್ ನೋಡುವುದೆಂದಾಯಿತು. ಉಳಿದದ್ದು ಮಗನ ಹೆಸರಿನಲ್ಲೇ ಬ್ಯಾಂಕಿನಲ್ಲಿರುತ್ತದೆ. ಮೂರನೇ ವರ್ಷದಲ್ಲಿ ಪ್ರಾಜೆಕ್ಟ್ ಯಾವುದೆಂದು ಗೊತ್ತಾದ ಮೇಲೆ ಮತ್ತೆ ಮಾತಾಡೋಣ ಎಂದು ಎದ್ದರು. ಹುಡುಗನ ಮುಖ ಪೂರ್ತಿ ಅರಳಿರಲಿಲ್ಲ. ಆದರೂ ಹೋಗುವಾಗ ಅಪ್ಪನ ಸ್ಕೂಟರನ್ನು ಅವನೇ ಸ್ಟ್ಯಾಂಡಿನಿಂದ ಇಳಿಸಿಕೊಟ್ಟ.