ಮನಸ್ಸು ಬಾಡಿದಾಗ ಗಿಡಮೂಲಿಕೆ: ಜಮಾ ಎಷ್ಟು, ಖರ್ಚು ಎಷ್ಟು?



ಮೈಗೆ ಜ್ವರ ಬಂದರೆ ಥರ್ಮಾಮೀಟರ್ ಹುಡುಕುತ್ತೇವೆ. ಮನಸ್ಸು ಬಾಡಿದರೆ ಮಾತ್ರ 'ಸೋಮಾರಿತನ', 'ಯಾರದೋ ದೃಷ್ಟಿ ತಾಗಿದೆ' ಎಂದು ಸುಮ್ಮನಾಗುತ್ತೇವೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇರುವುದು, ಇಷ್ಟದ ಕೆಲಸವೂ ಬೇಡವಾಗುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು, ಸದಾ ಆಯಾಸ, 'ನಾನು ಯಾತಕ್ಕೂ ಬಾರದವ' ಎಂಬ ಭಾವ, ಇವು ಖಿನ್ನತೆಯ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ಅಂದರೆ ಪ್ರತಿ ಓಣಿಯಲ್ಲೂ ಇದೆ.

ನಮ್ಮ ಕೊಗನೊಳ್ಳಿಯ ಓಣಿಯಲ್ಲಿ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಅಜ್ಜಾರ, ನಮ್ಮವ್ವ ಮೊದಲಿನ ಹಂಗ ಮಾತಾಡವಲ್ಲಳ್ರಿ. ಒಂದೆಲಗದ ರಸಾ ಕುಡಿಸಿದ್ರ ಆರಾಮ ಆಗ್ತಾಳೇನ್ರಿ?" ಪ್ರಶ್ನೆ ಸಣ್ಣದಲ್ಲ. ನಮ್ಮದು ಗಡಿಯ ಊರು. ನಿಪ್ಪಾಣಿಯ ಕಡೆಯಿಂದ ಒಬ್ಬರು ಗಾಂವಠಿ ಔಷಧ ಹೇಳುತ್ತಾರೆ, ಕಾಗಲ್ ಕಡೆಯಿಂದ ಇನ್ನೊಬ್ಬರು ಕಾಢಾ ತರುತ್ತಾರೆ. ಬ್ಯಾಂಕಿನಲ್ಲಿ ಬದುಕಿಡೀ ಲೆಕ್ಕ ಬರೆದವನು ನಾನು, ವೈದ್ಯನಲ್ಲ. ಓದಿ ತಿಳಿದದ್ದನ್ನು ಎರಡು ಬದಿಯಲ್ಲಿ ಬರೆದು ತೋರಿಸುತ್ತೇನೆ.

ಮೊದಲು ಜಮಾ ಬದಿ. ಮನಸ್ಸಿನ ಕುಗ್ಗುವಿಕೆಯನ್ನು ನಮ್ಮ ಹಿಂದಿನವರು ಹಗುರವಾಗಿ ಎಣಿಸಿರಲಿಲ್ಲ. ರೋಗವನ್ನು ಹೆಚ್ಚಿಸುವವುಗಳಲ್ಲಿ ವಿಷಾದವೇ ಮುಖ್ಯ ಎಂದು ಚರಕ ಸಂಹಿತೆ ಎಣಿಸುತ್ತದೆ. ಒಂದೆಲಗ, ನೀರುಬ್ರಾಹ್ಮಿ, ಅಶ್ವಗಂಧ ಇವು ಆಯುರ್ವೇದದಲ್ಲಿ ಮನಸ್ಸಿಗೆ ಹೇಳಿದ ಗಿಡಗಳು. ಅಶ್ವಗಂಧ ಒತ್ತಡ ಮತ್ತು ನಿದ್ದೆಯ ತೊಂದರೆಗೆ ಸ್ವಲ್ಪ ಅನುಕೂಲ ಎಂದು ಸಣ್ಣ ಸಣ್ಣ ಪ್ರಯೋಗಗಳು ತೋರಿಸಿವೆ. ಕೇಸರಿಯ ಮೇಲೆ ಇರಾನಿನಲ್ಲಿ ಪ್ರಯೋಗಗಳಾಗಿವೆ. ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಯುರೋಪಿನ ಹಳದಿ ಹೂವಿನ ಗಿಡ, ಸೇಂಟ್ ಜಾನ್ಸ್ ವರ್ಟ್. 2008ರಲ್ಲಿ 29 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದು ಖಿನ್ನತೆಗೆ ಬರಿಯ ಹುಸಿಗುಳಿಗೆಗಿಂತ ಮೇಲು, ಸಾಮಾನ್ಯ ಗುಳಿಗೆಗಳಿಗೆ ಹೆಚ್ಚುಕಡಿಮೆ ಸಮ ಎಂದು ಕಂಡುಬಂತು. ಹಾಗಾದರೆ ಗಿಡದಲ್ಲಿ ಗುಣವಿದೆ ಎಂಬುದು ಸುಳ್ಳಲ್ಲ.

ಈಗ ಖರ್ಚಿನ ಬದಿ. ಗುಣ ಇರುವ ಗಿಡಕ್ಕೆ ದೋಷವೂ ಇರುತ್ತದೆ. ಅದೇ ಸೇಂಟ್ ಜಾನ್ಸ್ ವರ್ಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ, ಹೃದಯದ ಕೆಲವು ಔಷಧ, ಗರ್ಭನಿರೋಧಕ ಗುಳಿಗೆ ಇವುಗಳ ಶಕ್ತಿಯನ್ನು ಕುಂದಿಸುತ್ತದೆ. ಖಿನ್ನತೆಯ ಗುಳಿಗೆಯ ಜೊತೆ ಸೇರಿದರೆ ಜೀವಕ್ಕೇ ಅಪಾಯ ಆಗಬಹುದು. ಅಶ್ವಗಂಧವನ್ನು ಬಸುರಿಯರು ತೆಗೆದುಕೊಳ್ಳಬಾರದು. ಥೈರಾಯ್ಡ್ ಗುಳಿಗೆ ನುಂಗುವವರು ಡಾಕ್ಟರರನ್ನು ಕೇಳಬೇಕು. ಅದರಿಂದ ಕೆಲವರ ಲಿವರ್ ಕೆಟ್ಟದ್ದೂ ಉಂಟು.

ನಮ್ಮ ನಾಡಿನದೇ ದೊಡ್ಡ ಪಾಠ ಸರ್ಪಗಂಧಿಯದು. ಹುಚ್ಚು ಕೆರಳಿದವರನ್ನು ಶಾಂತಗೊಳಿಸಲು ಇದರ ಬೇರನ್ನು ಹಿಂದಿನಿಂದಲೂ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್, ರಕ್ತದೊತ್ತಡಕ್ಕೆ ಇದು ಒಳ್ಳೆಯದೆಂದು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವ ತೆಗೆದರು, ಜಗತ್ತೆಲ್ಲ ಬಳಸಿತು. ಆಮೇಲೆ ಏನು ವರದಿಯಾಯಿತು? ಅದನ್ನು ನುಂಗಿದ ಕೆಲವರಿಗೆ ಖಿನ್ನತೆಯೇ ಬಂತು! ಮನಸ್ಸನ್ನು ಶಾಂತಗೊಳಿಸುವ ಬೇರು ಮನಸ್ಸನ್ನು ಮುಳುಗಿಸಲೂಬಹುದು. 'ಗಿಡದ್ದಲ್ಲವೇ, ಏನೂ ಆಗುವುದಿಲ್ಲ' ಎನ್ನುವವರಿಗೆ ಈ ಕಥೆ ಹೇಳಿರಿ.

ಇನ್ನೊಂದು ಮಾತು, ಚೀಟಿ ಇಲ್ಲದ ಪುಡಿ ಬೇಡ. ಸಹಿ ಇಲ್ಲದ ಚೆಕ್ಕನ್ನು ನಾವು ಪಾಸು ಮಾಡುತ್ತಿರಲಿಲ್ಲ. ಹಾಗೆಯೇ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಏನೇನು ಹಾಕಿದ್ದಾರೆಂಬ ಪಟ್ಟಿ ಇಲ್ಲದ ಡಬ್ಬಿಯನ್ನು ಮನೆಯೊಳಗೆ ಬಿಡಬೇಡಿರಿ. ಅಂಥ ಪುಡಿಯಲ್ಲಿ ಸೀಸ, ಪಾದರಸ, ಸ್ಟಿರಾಯ್ಡ್ ಸಿಕ್ಕಿದ್ದುಂಟು.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: "ಒಂದೆಲಗದ ಚಟ್ನಿ ಮಾಡಿ ಕೊಡವಾ, ಊಟಕ್ಕ ಚಲೋದು. ಆದರ ಅದನ್ನ ಔಷಧ ಅಂತ ನಂಬಿ ಕುಂದ್ರಬ್ಯಾಡ. ಅಪ್ಪಗ ಹೇಳು, ಅವ್ವನ್ನ ಡಾಕ್ಟರ್ ಕಡೆ ಕರಕೊಂಡು ಹೋಗ್ರಿ." ಯಾಕೆಂದರೆ ಥೈರಾಯ್ಡ್ ಕಡಿಮೆ ಆದರೂ, ಮೈಯಲ್ಲಿ ರಕ್ತ ಕಡಿಮೆ ಆದರೂ, ಬಿ-12 ಕೊರತೆಯಾದರೂ ಹೀಗೇ ಮಂಕು ಕವಿಯುತ್ತದೆ. ಅದನ್ನು ರಕ್ತ ತಪಾಸಣೆ ಹೇಳಬೇಕು, ಕಷಾಯವಲ್ಲ. ಇನ್ನೂ ಒಂದು ಮಾತು ಹೇಳಿದೆ: "ಇದು ನಿನ್ನ ತಪ್ಪಿನಿಂದ ಆದದ್ದಲ್ಲ." ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು. ಮಕ್ಕಳು ಇದನ್ನು ಯಾರಿಗೂ ಹೇಳದೆ ಒಳಗೇ ಹೊತ್ತಿರುತ್ತಾರೆ. ತಾಯಿ ಈಗ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ. ಗುಣ ನಿಧಾನ, ಇಂಥ ಗುಳಿಗೆಗೆ ಎರಡರಿಂದ ನಾಲ್ಕು ವಾರ ಬೇಕು.

ಖಿನ್ನತೆ ಸೌಮ್ಯವಾಗಿದ್ದರೆ ಗುಳಿಗೆ ಇಲ್ಲದೆಯೂ ದಾರಿಯಿದೆ: ತಜ್ಞರ ಜೊತೆ ಮಾತುಕತೆ, ದಿನಾ ಚುರುಕಾದ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಸೆರೆ ಬಿಡುವುದು. ಆಯುರ್ವೇದವೇ ಬೇಕೆನ್ನುವವರು ಓದಿದ ವೈದ್ಯರ ಹತ್ತಿರ ಹೋಗಿರಿ. ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಾಕೀಟು ಜೊತೆಗಿರಲಿ. ನಡೆಯುತ್ತಿರುವ ಗುಳಿಗೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿರಿ.

'ಬದುಕಿ ಏನು ಮಾಡುವುದು' ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಗಿಡ, ಕಷಾಯ ಎಲ್ಲವನ್ನೂ ಬದಿಗಿಟ್ಟು ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ನಂಬರು 14416. ಹಗಲುರಾತ್ರಿ, ಪುಕ್ಕಟೆ, ಕನ್ನಡದಲ್ಲಿ ಮಾತಾಡಬಹುದು. ಈ ಪುಟವನ್ನು ಮಡಚಿ ಇಡುವ ಮೊದಲು ಆ ಐದು ಅಂಕಿಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದುಬಿಡಿರಿ.